ಮನವಿ ಮಾವ

ಗ್ರಾಮಸಭೆಗೆ ಕೋರಂ ಎಂದರೆ ಮತದಾರರಲ್ಲಿ ಹತ್ತರಲ್ಲೊಂದು ಪಾಲು, ಇಲ್ಲವೇ ನೂರು ಮಂದಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಇದು ಕಾನೂನಿನ ಲೆಕ್ಕ. ನಮ್ಮ ಕಡೆಯ ಲೆಕ್ಕ ಇನ್ನೂ ಸುಲಭ. ಮನವಿ ಮಾವ ಬಂದು, ಮುಂದಿನ ಸಾಲಿನ ಬಲತುದಿಯ ಕುರ್ಚಿಗೆ ಕೊಡೆ ಸಿಕ್ಕಿಸಿ, ಕಡತದ ದಾರ ಬಿಚ್ಚಿದರೆ ಸಭೆ ಕೂಡಿತು ಎಂದೇ ಅರ್ಥ. ಉಳಿದ ತೊಂಬತ್ತೊಂಬತ್ತು ಸಹಿ ನಾಳೆ ರೇಷನ್ ಅಂಗಡಿಯ ಮುಂದೆ ಬೇಕಾದರೂ ಸಿಗುತ್ತವೆ.

ಮಾವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದೀಗ ಮತದಾರರ ಪಟ್ಟಿಯಲ್ಲಿ, ಪಹಣಿಯಲ್ಲಿ ಮತ್ತು ಮನವಿಗಳ ಬುಡದಲ್ಲಿ ‘ಇಂತಿ ತಮ್ಮ ವಿಶ್ವಾಸಿ’ ಎಂಬುದರ ಕೆಳಗೆ ಮಾತ್ರ ಉಳಿದಿದೆ. ಪಹಣಿಯಲ್ಲಿ ಅದನ್ನು ತಪ್ಪಾಗಿ ಬರೆದಿದ್ದಾರೆ ಎನ್ನುವುದೂ ಒಂದು ಮನವಿಯ ವಿಷಯವೇ. ವಯಸ್ಸು ಅರವತ್ತು ದಾಟಿದೆ. ಇರುವ ಚೂರು ಅಡಿಕೆ ತೋಟವನ್ನು ಮಗ ನೋಡಿಕೊಳ್ಳುತ್ತಾನೆ, ಊರನ್ನು ಅಪ್ಪ ನೋಡಿಕೊಳ್ಳುತ್ತಾರೆ. ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು: ಒಂದು ತಾವು ಬರೆಯಲಿಕ್ಕೆ, ಇನ್ನೊಂದು ‘ಪೆನ್ನಿಲ್ವಲ್ಲ ಯಜಮಾನ್ರೆ’ ಎನ್ನುವ ಅಧಿಕಾರಿಗೆ ಕೊಡಲಿಕ್ಕೆ.

ಇಂಥವರು ಊರಿಗೊಬ್ಬರು ಇರುತ್ತಾರೆ, ಒಪ್ಪುತ್ತೇನೆ. ಆದರೆ ಸುತ್ತ ನೀರಿರುವ ಊರಿನಲ್ಲಿ ಹುಟ್ಟಿದ ಮನವಿದಾರನ ಹದವೇ ಬೇರೆ. ನಮ್ಮದು ಸಾಗರ ತಾಲೂಕಿನ ಕರೂರು ಹೋಬಳಿ, ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಸೀಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹೊಳೆ ಸಮುದ್ರವಾಯಿತು. ತಗ್ಗಿನಲ್ಲಿದ್ದ ಗದ್ದೆ ಮನೆ ದೇವಸ್ಥಾನಗಳೆಲ್ಲ ಮುಳುಗಿ, ಎತ್ತರದಲ್ಲಿದ್ದವರು ಇದ್ದಲ್ಲೇ ಇದ್ದು ದ್ವೀಪದವರಾದರು. ಭೂಗೋಳದ ಮೇಷ್ಟ್ರುಗಳು ಇದನ್ನು ದ್ವೀಪ ಎಂದು ಒಪ್ಪುವುದಿಲ್ಲ. ಒಂದು ಕಡೆ ಘಟ್ಟದ ಕಾಡು ಅಂಟಿಕೊಂಡಿದೆಯಲ್ಲ, ಕೋಗಾರಿನ ಮೇಲೆ ಸುತ್ತಿಕೊಂಡು ಹೋದರೆ ನೆಲದ ಮೇಲೇ ಸಾಗರ ಮುಟ್ಟಬಹುದಲ್ಲ ಎನ್ನುತ್ತಾರೆ. ಹಾಗೆ ಅಂದ ಮೇಷ್ಟ್ರೊಬ್ಬರಿಗೆ ಮಾವ ಕೊಟ್ಟ ಉತ್ತರ: “ನೀವು ಒಂದ್ಸಲ ಮಳೆಗಾಲದಲ್ಲಿ ಹಲ್ಲುನೋವು ಬರಿಸ್ಕೊಂಡು ಆ ದಾರೀಲಿ ಹೋಗಿ ಬನ್ನಿ ಸಾರ್. ಆಮೇಲೆ ದ್ವೀಪನೋ ಅಲ್ವೋ ಮಾತಾಡಣ.”

ಮಾವನ ಭಾಷಣ ಯಾವಾಗಲೂ ಒಂದೇ ವಾಕ್ಯದಿಂದ ಶುರುವಾಗುತ್ತದೆ. “ನಾಡಿಗೆಲ್ಲ ಬೆಳಕು ಕೊಟ್ಟು ಕತ್ತಲಲ್ಲಿ ಕೂತ ನಾವು...” ವಿಷಯ ಅಂಗನವಾಡಿಯ ಮೊಟ್ಟೆಯಿರಲಿ, ಬೀದಿನಾಯಿಯಿರಲಿ, ಮಂಗನ ಕಾಟವಿರಲಿ, ಮೊದಲು ಈ ವಾಕ್ಯ ಮುಗಿಯಬೇಕು. ಹಳೆಯ ಅಧಿಕಾರಿಗಳು ಅವರ ಜೊತೆಗೇ ತುಟಿ ಆಡಿಸುತ್ತಾರೆ. ಹೊಸಬರು ಮಾತ್ರ ಗಾಬರಿಯಾಗಿ, ಕರೆಂಟು ಹೋಯಿತೇ ಎಂದು ಫ್ಯಾನು ನೋಡುತ್ತಾರೆ. ನಗುವುದು ಸುಲಭ. ಆದರೆ ಮುಳುಗಡೆಯಾಗಿ ಆರು ದಶಕ ಕಳೆದರೂ ಹಕ್ಕುಪತ್ರಕ್ಕೆ ಓಡಾಡುವ ಮನೆಗಳು ಇನ್ನೂ ಇವೆ. ಆದ್ದರಿಂದ ಮಾವ ಆ ವಾಕ್ಯ ಹೇಳುವಾಗ ಹಿಂದಿನ ಸಾಲಿನ ಮುದುಕರು ನಗುವುದಿಲ್ಲ.

ಮನವಿ ಬರೆಯುವುದರಲ್ಲಿ ಅವರಿಗೊಂದು ಶಾಸ್ತ್ರವಿದೆ. ಮೇಲೆ ‘ವಿಷಯ’, ಅದರ ಕೆಳಗೆ ‘ಉಲ್ಲೇಖ’, ಆಮೇಲೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’. ಕೊನೆಗೆ ‘ಪ್ರತಿಯನ್ನು ಮಾಹಿತಿಗಾಗಿ’ ಎಂದು ಬರೆದು ತಹಶೀಲ್ದಾರರಿಂದ ಹಿಡಿದು ಪ್ರಧಾನಮಂತ್ರಿಯವರೆಗೆ ಸಾಲು. ಬಾವಿಕಟ್ಟೆಯ ಕಲ್ಲು ಜಾರಿದ್ದು ದೆಹಲಿಗೆ ಗೊತ್ತಿರಬೇಕು ಎನ್ನುವುದು ಅವರ ನಂಬಿಕೆ. ಕೊಟ್ಟ ಮನವಿಗೆ ಏನಾಯಿತು ಎಂದು ಕೇಳಿದರೆ ಅಷ್ಟು ಉತ್ಸಾಹ ಕಾಣುವುದಿಲ್ಲ. ಸ್ವೀಕೃತಿಯ ಮೊಹರು ಬಿತ್ತೇ ಎಂದು ಕೇಳಿ, ಮುಖ ಅರಳುತ್ತದೆ. ನೀಲಿ, ನೇರಳೆ, ಅರ್ಧ ಅಳಿಸಿದ್ದು, ತಲೆಕೆಳಗಾಗಿ ಒತ್ತಿದ್ದು, ಹೀಗೆ ಎಷ್ಟೋ ಬಗೆಯ ಮೊಹರುಗಳು ಕಡತದಲ್ಲಿವೆ. ಈ ಭಾಷೆ ಮನೆಗೂ ನುಗ್ಗಿದೆ. “ಚಾ ಬಗ್ಗೆ ಎಂತಾಯ್ತು?” ಎಂದು ಮಾವ ಜಗಲಿಯಿಂದ ಕೂಗಿದರೆ ಅತ್ತೆ ಒಳಗಿಂದ, “ಪರಿಶೀಲನೆಯಲ್ಲಿದೆ” ಎನ್ನುತ್ತಾರೆ.

ಒಮ್ಮೆ ಪಂಚಾಯಿತಿ ಚುನಾವಣೆಗೂ ನಿಂತಿದ್ದರು. ಸೋತರು. ಮಾವನನ್ನು ಕಂಡರೆ ಆಗದವರು ಊರಿನಲ್ಲಿ ಯಾರೂ ಇಲ್ಲ, ಆದರೂ ಸೋತರು. ನಾನು ನಮ್ಮ ಪಕ್ಕದ ಮನೆಯ ಅಕ್ಕನನ್ನು ಕೇಳಿದೆ. ಅವಳ ಉತ್ತರ ರಾಜ್ಯಶಾಸ್ತ್ರದ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ: “ಅವ್ರು ಗೆದ್ರೆ ವೇದಿಕೆ ಮೇಲೆ ಕೂರಬೇಕಲ್ದಾ? ಕೆಳಗೆ ಕೂತು ಕೇಳೋರು ಯಾರು ಮತ್ತೆ?”

ಇನ್ನು ಲಾಂಚಿನ ಮಾತು. ಹೊಳೆಬಾಗಿಲಿನ ಲಾಂಚು ಅಂದರೆ ಬಸ್ಸು, ಕಾರು, ಎಮ್ಮೆಕರು, ಸಿಗಂದೂರಿನ ಭಕ್ತರು, ಗ್ಯಾಸ್ ಸಿಲಿಂಡರು, ಮದುವೆ ದಿಬ್ಬಣ, ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಹೊತ್ತು ಅಂಬಾರಗೋಡ್ಲಿಗೂ ಕಳಸವಳ್ಳಿಗೂ ನಡುವೆ ಓಡಾಡುತ್ತಿದ್ದ ಕಬ್ಬಿಣದ ಅಂಗಳ. ನಮ್ಮ ಗ್ರಾಮಸಭೆಗಳಿಗೆ ನಿಜವಾದ ಅಧ್ಯಕ್ಷತೆ ಅದರದ್ದೇ. ಅಧಿಕಾರಿಗಳು ಸಾಗರದಿಂದ ಬರಬೇಕು. ಆಚೆ ದಡದಲ್ಲಿ ಭಕ್ತರ ಕಾರುಗಳ ಸಾಲು ಕರಗಿ ಇವರ ಜೀಪು ಲಾಂಚು ಹತ್ತುವಷ್ಟರಲ್ಲಿ ಹನ್ನೊಂದರ ಸಭೆ ಹನ್ನೆರಡೂವರೆಗೆ ಬರುತ್ತಿತ್ತು. ಹಿಂದಿನ ಸಭೆಯ ನಡಾವಳಿ ಓದುವಾಗ ಒಂದು ಗಂಟೆ. ಆಮೇಲೆ ಊಟ. ಊಟದ ನಂತರ ನೋಡಲ್ ಅಧಿಕಾರಿ ಕೈಗಡಿಯಾರ ನೋಡುವುದಕ್ಕೆ ಶುರು ಮಾಡುತ್ತಿದ್ದರು. ಶಾಲೆಯ ಗೋಡೆ ಬಿದ್ದಿರಲಿ, ಟಿಸಿ ಸುಟ್ಟಿರಲಿ, ನರೇಗಾ ಕೂಲಿ ಬಾರದಿರಲಿ, ಎಲ್ಲ ಚರ್ಚೆಗೂ ಒಂದೇ ಮಂಗಳಾರತಿ: “ಲಾಂಚ್ ತಪ್ಪೋಗ್ತದೆ ಮಾರ್ರೆ.” ಅದಕ್ಕೆ ಎದುರು ಮಾತಿಲ್ಲ. ಲಾಂಚು ತಪ್ಪುವುದು ಏನೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಸಭೆ ಎದ್ದುಬಿಡುತ್ತಿತ್ತು.

ಮಾವ ಇದಕ್ಕೆ ಕಂಡುಕೊಂಡ ಉಪಾಯ ಹೀಗಿತ್ತು. ಸಭೆ ಏಳುವ ಲಕ್ಷಣ ಕಂಡ ಕೂಡಲೇ ಯಾರದೋ ಬೈಕಿನ ಹಿಂದೆ ಕೂತು ಕಳಸವಳ್ಳಿಯ ದಡಕ್ಕೆ ಹೋಗಿ, ಅಧಿಕಾರಿಗಳಿಗಿಂತ ಮೊದಲೇ ಲಾಂಚು ಹತ್ತಿ ನಿಂತಿರುತ್ತಿದ್ದರು. ಲಾಂಚು ದಡ ಬಿಟ್ಟ ಮೇಲೆ ಅಧಿಕಾರಿ ಎಲ್ಲಿಗೆ ಹೋಗಬೇಕು? ಮುಂದೆ ನೀರು, ಹಿಂದೆ ನೀರು, ಜೀಪಿನ ಕಿಟಕಿಯಲ್ಲಿ ಮಾವ. ಗಾಜು ಏರಿಸಿದರೆ ಸೆಖೆ, ಇಳಿಸಿದರೆ ಮನವಿ. ಪೆನ್ನಿಲ್ಲ ಎನ್ನುವ ಹಾಗಿಲ್ಲ, ಮಾವನ ಹತ್ತಿರ ಇದೆ. ಕಾಗದ ಇಡಲು ಜಾಗವಿಲ್ಲ ಎನ್ನುವ ಹಾಗಿಲ್ಲ, ಜೀಪಿನ ಬಾನೆಟ್ಟು ಇದೆ. ಒಂದು ದಡದಿಂದ ಇನ್ನೊಂದು ದಡಕ್ಕೆ ಕಾಲು ಗಂಟೆ, ಗಾಳಿ ಜೋರಾಗಿದ್ದರೆ ಇನ್ನೂ ಸ್ವಲ್ಪ. ಮಾವನಿಗೆ ಗಾಳಿಯ ದಿನಗಳೆಂದರೆ ಪ್ರೀತಿ. ನಮ್ಮ ಎರಡು ಕಿರುಸೇತುವೆ, ಒಂದು ನೀರಿನ ಟ್ಯಾಂಕು ಮತ್ತು ಶಾಲೆಯ ಶೌಚಾಲಯ ಮಂಜೂರಾದದ್ದು ನೀರಿನ ನಡುವೆಯೇ ಎಂದು ಊರಲ್ಲಿ ಮಾತಿದೆ. ಅಧಿಕಾರಿಯನ್ನು ಅಂಬಾರಗೋಡ್ಲಿನಲ್ಲಿ ಇಳಿಸಿ, ಕೈಮುಗಿದು, ಮಾವ ಮುಂದಿನ ಟ್ರಿಪ್ಪಿನಲ್ಲಿ ವಾಪಸಾಗುತ್ತಿದ್ದರು.

ಬೇಸಿಗೆಯಲ್ಲಿ ನೀರು ಇಳಿದು ಲಾಂಚಿಗೆ ವಾಹನ ಹತ್ತಿಸುವುದು ನಿಲ್ಲಿಸಿದಾಗ ಮನವಿಗಳ ಸುಗ್ಗಿಯಾಗುತ್ತಿತ್ತು. ಪೂರ್ಣಮಟ್ಟ 1819 ಅಡಿ. ಇವತ್ತು ಎಷ್ಟು ಅಡಿ ಎಂಬುದು ಮಾವನ ಬಾಯಲ್ಲಿ ಸದಾ ಸಿದ್ಧ. ತಮ್ಮ ರಕ್ತದೊತ್ತಡ ಕೇಳಿದರೆ ಗೊತ್ತಿಲ್ಲ. ನೀರು ತೀರಾ ಇಳಿದು ಹಳೆಯ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತಿದರೆ ನೋಡಲು ಬರುವ ಪ್ಯಾಟೆಯವರಿಗೆ ಅದು ಫೋಟೊ, ಮಾವನಿಗೆ ‘ಉಲ್ಲೇಖ: 2’.

ಇಷ್ಟೆಲ್ಲದರ ನಡುವೆ ಕಡತದಲ್ಲಿ ಬೇರೆಯಾಗಿ ಮಡಚಿಟ್ಟ ಒಂದು ಹಾಳೆ ಇತ್ತು. ಸಂಜೆಯ ಕೊನೆ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದವರ, ಎದೆ ಹಿಡಿದುಕೊಂಡವರ, ಹಾವು ಕಚ್ಚಿದವರ ಮನೆಗಳ ಪಟ್ಟಿ. ಅದನ್ನು ಮಾತ್ರ ಅವರು ಸಭೆಯಲ್ಲಿ ಓದುತ್ತಿರಲಿಲ್ಲ. ಅಧಿಕಾರಿಯ ಕೈಗೆ ಕೊಟ್ಟು, ಅವರು ಓದಿ ಮುಗಿಸುವ ತನಕ ನಿಲ್ಲುತ್ತಿದ್ದರು.

ಅಂಬಾರಗೋಡ್ಲಿಗೂ ಕಳಸವಳ್ಳಿಗೂ ನಡುವಿನ ಸೇತುವೆಗೆ 2018ರಲ್ಲಿ ಶಂಕುಸ್ಥಾಪನೆ ಆದಾಗ ಮಾವ ನಂಬಲಿಲ್ಲ. ಕಂಬ ಎದ್ದಾಗಲೂ ನಂಬಲಿಲ್ಲ; ಕಂಬ ನಿಲ್ಲಿಸಿ ಮರೆತುಬಿಡುವುದು ಹೊಸತೇ ಎಂದರು. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಬಂದು ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆಯ ಆ ಕೇಬಲ್ ಸೇತುವೆಯನ್ನು ಉದ್ಘಾಟಿಸಿಯೇಬಿಟ್ಟರು. ಯಾರನ್ನು ಕರೆದರು, ಯಾರನ್ನು ಕರೆಯುವ ಹಾಗೆ ಕರೆಯಲಿಲ್ಲ ಎಂದು ದೊಡ್ಡವರ ನಡುವೆ ಜಟಾಪಟಿ ನಡೆದು ಪತ್ರಿಕೆಗಳಲ್ಲೆಲ್ಲ ಬಂತು. ಕಟ್ಟೆಯ ಮೇಲೆ ಇದರ ಚರ್ಚೆ ಕಾವೇರಿದಾಗ ಮಾವ ಎಲೆ ಅಡಿಕೆ ಉಗಿದು ಬಂದು ಹೇಳಿದರು: “ನನ್ನನ್ನೂ ಕರೀಲಿಲ್ಲ. ನಾ ಎಂತಾರೂ ಹೇಳಿದ್ನಾ?”

ಅವತ್ತು ಸಂಜೆ ಊರೇ ಸೇತುವೆಯ ಮೇಲಿತ್ತು. ಮಾವ ಈ ತುದಿಯಿಂದ ಆ ತುದಿಗೆ ನಡೆದು, ತಿರುಗಿ ಬಂದು, ಮಾತಾಡದೆ ಮನೆಗೆ ಹೋದರು. ಮಾರನೆಯ ದಿನವೂ ಮಾತಿಲ್ಲ. ಅತ್ತೆ ಹಣೆ ಮುಟ್ಟಿ ನೋಡಿದರಂತೆ. ಊರಿಗೆಲ್ಲ ಆತಂಕ. ಬೇಡಿಕೆ ಈಡೇರಿದವನ ಕಷ್ಟಕ್ಕೆ ಯಾವ ಇಲಾಖೆಯಲ್ಲೂ ಪರಿಹಾರವಿಲ್ಲ. ಕಡತದ ಮುಕ್ಕಾಲು ಭಾಗ ಸೇತುವೆಯದ್ದೇ ಆಗಿತ್ತು. ದಾರ ಕಟ್ಟಿ ಅಟ್ಟಕ್ಕೆ ಹಾಕಬೇಕಷ್ಟೆ. ಅದಕ್ಕಿಂತ ಹೆಚ್ಚಿನ ನಷ್ಟ ಅವರಿಗೆ ಮೂರನೆಯ ದಿನ ಹೊಳೆಯಿತು: ಜೀಪು ಈಗ ಹೊಳೆ ದಾಟುವುದಕ್ಕೆ ಮೂರು ನಿಮಿಷ. ಅರವತ್ತರ ವೇಗದಲ್ಲಿ ಓಡುವ ಜೀಪಿನ ಕಿಟಕಿಗೆ ಮನವಿ ಕೊಡುವುದು ಹೇಗೆ? ತಾವೇ ಬೇಡಿ ತಂದ ಸೇತುವೆ ತಮ್ಮ ಕಚೇರಿಯನ್ನೇ ನುಂಗಿತ್ತು.

ನಾಲ್ಕನೆಯ ದಿನ ಜಗಲಿಯಲ್ಲಿ ಮತ್ತೆ ಕಾಗದದ ಸದ್ದು ಕೇಳಿ ಅತ್ತೆ ತುಪ್ಪದ ದೀಪ ಹಚ್ಚಿದರು. ಸೇತುವೆಯ ಮೇಲೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರ ಬಗ್ಗೆ. ಅಷ್ಟು ಅಗಲದ ಸೇತುವೆ ಇಳಿದ ಕೂಡಲೇ ಎದುರಾಗುವ ನಮ್ಮ ಇಷ್ಟೇ ಅಗಲದ ರಸ್ತೆಯ ಬಗ್ಗೆ. ಪ್ರವಾಸಿಗರು ಬಿಸಾಡುವ ಬಾಟಲಿಯ ಬಗ್ಗೆ. ಇತ್ತ ಹಸಿರುಮಕ್ಕಿಯ ಸೇತುವೆ ವರ್ಷಗಟ್ಟಲೆ ಕುಂಟುತ್ತಿರುವ ಬಗ್ಗೆ. ಇದನ್ನು ಬರೆಯುವಾಗ ಅವರ ಕೈಬರಹ ಮೊದಲಿನಷ್ಟೇ ದುಂಡಗಾಯಿತು. ಕೊನೆಗೊಂದು, ‘ವಿಷಯ: ಹೊಳೆಬಾಗಿಲಿನ ಲಾಂಚನ್ನು ನಿಲ್ಲಿಸದೆ ಉಳಿಸಿಕೊಳ್ಳುವ ಕುರಿತು.’ ಮನವಿ ಟೈಪು ಮಾಡುವ ಕಂಪ್ಯೂಟರಿನ ಹುಡುಗ ಕಣ್ಣುಬಾಯಿ ಬಿಟ್ಟ. “ಮಾವ, ಲಾಂಚಿನಿಂದ ಮುಕ್ತಿ ಕೊಡಿಸಿ ಅಂತ ಇಷ್ಟು ವರ್ಷ ಬರೆದವರು ನೀವೇ ಅಲ್ವಾ?”

“ಅದನ್ನ ಉಲ್ಲೇಖದಲ್ಲಿ ಹಾಕು” ಎಂದರು ಮಾವ.

ಸೇತುವೆಯಾದ ಮೇಲಿನ ಮೊದಲ ಗ್ರಾಮಸಭೆಗೆ ಅಧಿಕಾರಿಗಳು ಹನ್ನೊಂದಕ್ಕೆ ಸರಿಯಾಗಿ ಬಂದರು. ಕುರ್ಚಿ ಹಾಕುವವನೇ ಬಂದಿರಲಿಲ್ಲ. ಊಟ ಮುಗಿದು ಮೂರು ಗಂಟೆ ದಾಟಿದರೂ ಮಾವ ಹದಿಮೂರನೆಯ ವಿಷಯದಲ್ಲಿದ್ದರು. ನೋಡಲ್ ಅಧಿಕಾರಿಗೆ ತಡೆಯಲಾಗಲಿಲ್ಲ. ಕೈಗಡಿಯಾರ ನೋಡಿಕೊಂಡು, “ಉಳಿದದ್ದು ಮುಂದಿನ ಸಭೆಗೆ ಇಟ್ಕೊಳ್ಳೋಣ ಯಜಮಾನ್ರೆ, ಲಾಂಚ್...” ಎಂದವರು ಅಲ್ಲೇ ನಿಂತರು.

“ಯಾವ ಲಾಂಚು ಸಾರ್?” ಎಂದರು ಮಾವ, ತುಂಬ ಮರ್ಯಾದೆಯಿಂದ.

ಸಭೆ ಗೊಳ್ಳೆಂದಿತು. ಅಧಿಕಾರಿ ಕುರ್ಚಿಯನ್ನು ಮತ್ತೆ ಮೇಜಿಗೆ ಎಳೆದುಕೊಂಡರು. ಪಿಡಿಒ ಮೇಡಂ ಇನ್ನೊಂದು ಸುತ್ತು ಚಾ ತರಲು ಜವಾನನನ್ನು ಕಳಿಸಿದರು. ಮಾವ ನಗಲಿಲ್ಲ, ಹಾಳೆ ಮಗುಚಿದರು.

“ಹದಿನಾಲ್ಕು. ಬರ್ಕೊಳ್ಳಿ ಮೇಡಂ. ಅಡಿಕೆ ಎಲೆಚುಕ್ಕಿ ರೋಗ. ನಾಡಿಗೆಲ್ಲ ಬೆಳಕು ಕೊಟ್ಟು ಕತ್ತಲಲ್ಲಿ ಕೂತ ನಾವು... ತೋಟಗಾರಿಕೆಯವರು ಎಲ್ಲಿ?”

ತೋಟಗಾರಿಕೆಯವರ ಕುರ್ಚಿ ಖಾಲಿಯಿತ್ತು. ಊಟದ ಎಲೆ ಎತ್ತುವ ಹೊತ್ತಿಗೇ ಅವರ ಜೀಪು ಸೇತುವೆ ದಾಟಿತ್ತಂತೆ.