ಹಿಡಿಯೋಕೋ, ಒರಗೋಕೋ?

ಮನೆಗೆ ರೇಲಿಂಗ್ ಹಾಕಿಸಬೇಕೆಂದು ನಮ್ಮಲ್ಲಿ ಸರ್ವಾನುಮತದ ನಿರ್ಣಯವಾಯಿತು. ನಮ್ಮ ಮನೆಯಲ್ಲಿ ಸರ್ವಾನುಮತ ಬಂತೆಂದರೆ, ವಿಷಯ ಯಾರಿಗೂ ಅರ್ಥವಾಗಿಲ್ಲ ಎಂದೇ ಲೆಕ್ಕ.

ವೆಲ್ಡಿಂಗಿನವನು ಟೇಪು ಬಿಚ್ಚುತ್ತ, “ರೇಲಿಂಗ್ ಅಂದ್ರೆ ಏನ್ ಬೇಕು ಸಾರ್?” ಎಂದ. ಇಂಥ ಪ್ರಶ್ನೆಗೆ ಚುಟುಕಾಗಿ ಉತ್ತರಿಸುವುದು ನನ್ನ ಜಾಯಮಾನವಲ್ಲ. ಹೊಯ್ಸಳರ ಗುಡಿಗಳ ಕಕ್ಷಾಸನದಿಂದ ಶುರುಮಾಡಿದೆ: ಮಂಟಪದ ಅಂಚಿಗೆ ಕೂರಲು ಕಲ್ಲಿನ ಜಗಲಿ, ಬೆನ್ನಿಗೆ ಹೊರಕ್ಕೆ ವಾಲಿದ ಒರಗು, ಬೀಳದಂತೆ ತಡೆಯುವುದೂ ಅದೇ. ಅಲ್ಲಿಂದ ಹಳೇ ಮನೆಗಳ ಕಟಾಂಜನಕ್ಕೆ ಬಂದು, ಕೋರ್ಟಿನ ಕಟಕಟೆ ಹತ್ತುವಷ್ಟರಲ್ಲಿ ಅವನು ಬಾಲ್ಕನಿಯಲ್ಲಿ ನನ್ನವಳ ಜೊತೆ ಮಾತಿಗಿಳಿದಿದ್ದ.

“ಕೋತಿ ಬರಬಾರದು, ಮೇಲಿನವರೆಗೂ ಮುಚ್ಚಿರಬೇಕು.”

“ಅದು ಗ್ರಿಲ್ ಅಕ್ಕಾ. ಚದರಡಿ ಲೆಕ್ಕ. ರೇಲಿಂಗ್ ಆದ್ರೆ ರನ್ನಿಂಗ್ ಫೀಟು.”

ನನ್ನ ಕಪಾಟಿನ ನಿಘಂಟುಗಳು ಇಷ್ಟು ಸ್ಪಷ್ಟವಾಗಿ ಎಂದೂ ಹೇಳಿರಲಿಲ್ಲ.

ನನಗೆ ಬೇಕಿದ್ದದ್ದು ಮೊಣಕೈ ಊರಿ ಕಾಫಿ ಹೀರುತ್ತ ರಸ್ತೆಯವರನ್ನು ಟೀಕಿಸಲು ತಕ್ಕ ಅಗಲದ ತೇಗದ ಪಟ್ಟಿ. ಎತ್ತರ ಸೊಂಟದಷ್ಟಿದ್ದರೆ ಸಾಕು. “ಬಾಲ್ಕನೀದು ಒಂದು ಮೀಟರಿಗೆ ಕಮ್ಮಿ ಮಾಡಲ್ಲ ಸಾರ್. ಸರಳಿನ ಸಂದೂ 4 ಇಂಚಿನೊಳಗೇ, ಇಲ್ಲಾಂದ್ರೆ ಮಕ್ಕಳ ತಲೆ ತೂರುತ್ತೆ. ನೀವು ಹೇಳ್ತಿರೋದು ಬರೀ ಟಾಪು. ತೇಗದ್ದಾದ್ರೆ ರೇಟೇ ಬೇರೆ.” ರೇಟು ಕೇಳಿದ ಮೇಲೆ ನನಗೆ ಒರಗುವ ಆಸೆ ಇಳಿಯಿತು. ಕೂತೂ ಟೀಕಿಸಬಹುದು.

ಇಷ್ಟೂ ಹೊತ್ತು ಅಮ್ಮ ಮೆಟ್ಟಿಲ ಬುಡದಲ್ಲಿ ಗೋಡೆಗೆ ಅಂಗೈ ಒತ್ತಿ ನಿಂತಿದ್ದಳು. ಅವನು ಚೀಲದಿಂದ ಎರಡು ಪೈಪಿನ ತುಂಡು ತೆಗೆದು ಅವಳ ಕೈಗಿತ್ತ. 2 ಇಂಚಿನದರ ಸುತ್ತ ಬೆರಳು ಕೂಡಲಿಲ್ಲ. ಒಂದೂವರೆ ಇಂಚಿನದು ಮುಷ್ಟಿಯಲ್ಲಿ ಸರಿಯಾಗಿ ಕೂತಿತು. ಅಮ್ಮ ಅದನ್ನು ವಾಪಸು ಕೊಡಲೇ ಇಲ್ಲ.

“ಇದು ಹ್ಯಾಂಡ್‌ರೇಲು ಅಮ್ಮಾ. ಗೋಡೆಗೆ ಕ್ಲಾಂಪ್ ಹೊಡೆದು ಕೂರಿಸೋದು. ಬೇರೆ ಐಟಂ.”

“ಏನಾದ್ರೂ ಅನ್ನಪ್ಪ, ಅದನ್ನ ಮೊದಲು ಹಾಕು,” ಎಂದಳು ಅಮ್ಮ. “ಕೋತಿ ವಿಷಯ ಅವಳನ್ನ ಕೇಳು. ಇವನನ್ನ ಏನೂ ಕೇಳಬೇಡ, ಮತ್ತೆ ಹೊಯ್ಸಳರಿಂದ ಶುರುಮಾಡ್ತಾನೆ.”