ಆಯಿಯ ಪ್ರಾರ್ಥನೆಯ ತಾಲೂಕುಗಳು

ನಮ್ಮ ಆಯಿಯ ಪ್ರಾರ್ಥನೆಗೆ ತಾಲೂಕುಗಳಿದ್ದವು. ಮೊದಲು ಇಂಡಿ, ಆಮೇಲೆ ಸಿಂದಗಿ, ಅದು ಮುಗಿದ ಮೇಲೆ ಮುದ್ದೇಬಿಹಾಳ, ಕಡೆಗೆ ಬಸವನ ಬಾಗೇವಾಡಿ. ಸರ್ಕಾರ ಆಕೆಯನ್ನು ಯಾವ ಕ್ರಮದಲ್ಲಿ ವರ್ಗ ಮಾಡಿತ್ತೋ ಅದೇ ಕ್ರಮದಲ್ಲಿ ದೇವರೂ ಆ ಊರುಗಳನ್ನು ಸುತ್ತಬೇಕಿತ್ತು. ಸರ್ಕಾರಿ ದವಾಖಾನೆಯ ನರ್ಸಬಾಯಿಯಾಗಿದ್ದ ಆಯಿ, ತನ್ನ ಕೈಯಲ್ಲಿ ಹುಟ್ಟಿದ ಕೂಸುಗಳನ್ನೆಲ್ಲ ದಿನಾ ರಾತ್ರಿ ಊಟಕ್ಕೆ ಮೊದಲು ದೇವರೆದುರು ಒಂದೊಂದಾಗಿ ಹಾಜರುಪಡಿಸುತ್ತಿದ್ದಳು. ಹೆಸರು ಮರೆತಿದ್ದರೆ ಗುರುತು ಹೇಳುತ್ತಿದ್ದಳು. “ಇಂಡಿ ಲಿಂಬಿ ತ್ವಾಟದವರ ಮನ್ಯಾಗ ಕಾಲು ಮುಂದಾಗಿ ಬಂದಾಂವ, ಅಂವನ್ನ ಕಾಯಪಾ ತಂದೆ.” ಕಾಲು ಮುಂದಾಗಿ ಬಂದವನಿಗೆ ಅಷ್ಟು ಹೊತ್ತಿಗೆ ಮೀಸೆ ಬಂದು, ಮದುವೆಯಾಗಿ, ಎರಡು ಮಕ್ಕಳಾಗಿದ್ದವು. ಆಯಿಯ ಪಟ್ಟಿಯಲ್ಲಿ ಮಾತ್ರ ಅವನಿನ್ನೂ ಕೂಸೇ.

ಇತ್ತ ನಮ್ಮ ತಾಟಿನಲ್ಲಿ ಬಿಳಿಜೋಳದ ರೊಟ್ಟಿ. ಇಂಡಿಯಲ್ಲಿ ಅದು ಮೆತ್ತಗಿರುತ್ತಿತ್ತು, ಸಿಂದಗಿ ದಾಟುವಾಗ ಅಂಚು ಬಿರುಸಾಗುತ್ತಿತ್ತು, ಬಾಗೇವಾಡಿ ಮುಟ್ಟುವ ಹೊತ್ತಿಗೆ ಖಡಕ್ ರೊಟ್ಟಿ. ನಮ್ಮ ಮುತ್ಯಾ ದೈವಭಕ್ತನೇ, ಆದರೆ ಹಸಿವು ತಾಳದ ದೈವಭಕ್ತ. ಮುದ್ದೇಬಿಹಾಳದ ಆಸುಪಾಸಿನಲ್ಲಿ ಆತ ಒಮ್ಮೆ ಸಣ್ಣಗೆ ಕೆಮ್ಮುತ್ತಿದ್ದ. ಆಯಿ ಕಣ್ಣು ತೆರೆಯದೆ, ಕೆಮ್ಮಿನಿಂದ ನರಳುತ್ತಿರುವ ಗಂಡನನ್ನೂ ಅಲ್ಲೇ ಸೇರಿಸಿ ಬಿಡುತ್ತಿದ್ದಳು. ಪ್ರಾರ್ಥನೆ ಇನ್ನಷ್ಟು ಉದ್ದವಾಗುತ್ತಿತ್ತು.

ಆಯಿಯ ತವರು ಗುಳೇದಗುಡ್ಡ, ನೇಕಾರರ ಮನೆ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು, ಮುಂದೆ ಗುಳೇದಗುಡ್ಡದ ಮಗ್ಗಗಳ ಓಣಿಗೂ ಕಾಲಿಟ್ಟವರು. ಆ ಓಣಿಯಲ್ಲಿ ದೇವರು ಬದಲಾದರೂ ಮಗ್ಗ ಬದಲಾಗಲಿಲ್ಲ. ಆಯಿ ಕೊನೆಯತನಕ ಉಟ್ಟದ್ದು ಇಳಕಲ್ ಸೀರೆ, ತೊಟ್ಟದ್ದು ತವರಿನ ಖಣದ ಕುಪ್ಪಸ. ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ (ಆ ಕಡೆಯ ಮಂದಿಗೆ ಅದು ಜರ್ಮನ್ ದವಾಖಾನಿ) ಬಾಣಂತನದ ಕೆಲಸ ಕಲಿತು ಬಂದಳು. ಕೈ ತೊಳೆಯುವುದನ್ನೂ ಅಲ್ಲೇ ಕಲಿತಳಂತೆ. ಅದನ್ನು ಆಕೆ ಹನ್ನೊಂದನೆಯ ಆಜ್ಞೆಯೆಂದೇ ನಂಬಿದ್ದಳು. ಹೆರಿಗೆ ಮನೆಗೆ ಹೋದರೆ ಮೊದಲು ಅತ್ತೆಯ ಕೈ, ಆಮೇಲೆ ಗಂಡನ ಕೈ, ಅಡ್ಡ ಬಂದರೆ ಊರ ಗೌಡನ ಕೈ, ಎಲ್ಲವನ್ನೂ ಸಾಬೂನು ಹಚ್ಚಿಸಿ ತೊಳೆಸಿಯೇ ಮುಂದಿನ ಕೆಲಸ.

ಹಾಡುವುದನ್ನೂ ಆಯಿ ಬಿಟ್ಟವಳಲ್ಲ. ಚರ್ಚಿನ ಸಂಗೀತ ಪುಸ್ತಕದ ಹಾಡುಗಳಲ್ಲಿ ಬಹಳಷ್ಟಕ್ಕೆ ಜರ್ಮನ್ ದಾಟಿ. ಆಯಿ ಶುರುಮಾಡುವುದೂ ಆ ದಾಟಿಯಲ್ಲೇ, ನೆಟ್ಟಗೆ, ಅಟೆನ್ಷನ್ನಿನಲ್ಲಿ ನಿಂತಂತೆ. ಎರಡನೆಯ ನುಡಿಗೆ ದನಿ ಸಡಿಲಾಗಿ, ಮೂರನೆಯದಕ್ಕೆ ಬೀಸುಕಲ್ಲಿನ ಪದದ ಎಳೆತ ಬಂದು, ಕಡೆಗೆ ‘ಆಮೆನ್’ ಕೂಡ ಕುಟ್ಟುವ ಬೀಸುವ ಹೆಂಗಸರ ರಾಗದಲ್ಲೇ ಮುಗಿಯುತ್ತಿತ್ತು. ಆಗಿನ ಇಂಡಿ ತಾಲೂಕಿನಲ್ಲೇ ಹಲಸಂಗಿ. ಅಲ್ಲಿನ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದವರು. ಆ ಗೆಳೆಯರು ನಮ್ಮ ಆಯಿಯ ಹಾಡು ಕೇಳಿದ್ದರೆ, ಇದನ್ನು ಯಾವ ಸಂಗ್ರಹಕ್ಕೆ ಸೇರಿಸುವುದೆಂದು ತಲೆ ಕೆರೆದುಕೊಳ್ಳುತ್ತಿದ್ದರೆಂದು ನನ್ನ ಗುಮಾನಿ.

ಸಿಂದಗಿಯಲ್ಲಿದ್ದಾಗ ಆಯಿಗೆ ಒಂದು ವಿಚಿತ್ರ ವರ್ಗಾವಣೆಯಾಯಿತು. ಟ್ರಂಕು ಕಟ್ಟಲಿಲ್ಲ, ಬಂಡಿ ಹೂಡಲಿಲ್ಲ, ಆದರೂ 1956ರ ನವೆಂಬರ್ 1ರ ಬೆಳಿಗ್ಗೆ ಆಕೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದುಬಿಟ್ಟಿದ್ದಳು. ‘ನಾ ಎಲ್ಲಿಗೂ ಹೋಗಲಿಲ್ಲ, ಸರ್ಕಾರನ ನನ್ನ ಕಡೆ ಬಂತು’ ಎನ್ನುತ್ತಿದ್ದಳು. 1973ರಲ್ಲಿ ಅದು ಕರ್ನಾಟಕವಾಯಿತು. 2014ರಲ್ಲಿ ಬಿಜಾಪುರ ವಿಜಯಪುರವಾಗುವ ಹೊತ್ತಿಗೆ ಆಯಿ ಇರಲಿಲ್ಲ. ಇದ್ದಿದ್ದರೂ ಪ್ರಾರ್ಥನೆಯಲ್ಲಿ ತಿದ್ದುಪಡಿಯನ್ನೇನೂ ತರುತ್ತಿರಲಿಲ್ಲ.

ಮುದ್ದೇಬಿಹಾಳದಿಂದ ಕೃಷ್ಣೆ ದಾಟಿ ಹೋದರೆ ಮುದಗಲ್ಲು. ಆದಿಲಶಾಹಿ ಕಾಲದಿಂದ ಅಲ್ಲಿ ಕ್ಯಾಥೋಲಿಕರಿದ್ದಾರೆ. ಪ್ರಾಟೆಸ್ಟಂಟಳಾದ ಆಯಿಗೆ ಇದು ಕೊಂಚ ಇರಿಸುಮುರಿಸಿನ ಸಂಗತಿ. ಯಾರಾದರೂ ‘ನಿಮ್ಮಕಿಂತ ಅವರ ಹಳಬರಲ್ಲರೀ ಬಾಯಾರ?’ ಎಂದರೆ, ‘ಹಳಬರು ಹೌದು, ಆದರ ಅವರ ಪ್ರಾರ್ಥನಿ ಭಾಳ ಸಣ್ಣವು’ ಎಂದು ತೀರ್ಪು ಕೊಡುತ್ತಿದ್ದಳು. ಉದ್ದವೇ ಆಕೆಯ ಅಳತೆಗೋಲು.

ನಮ್ಮ ಕಡೆಯ ರೈಲಿನ ವಿಷಯ ಹೇಳದಿದ್ದರೆ ಆಯಿಯ ಸ್ವರ್ಗದ ಕಲ್ಪನೆ ತಿಳಿಯುವುದಿಲ್ಲ. ಸೋಲಾಪುರ–ಗದಗ ಮಾರ್ಗದಲ್ಲಿ ‘ಇಂಡಿ ರೋಡ್’ ಇದೆ, ‘ಬಸವನ ಬಾಗೇವಾಡಿ ರೋಡ್’ ಇದೆ. ಹೊಸಬರು ಊರು ಬಂತೆಂದು ಖುಷಿಯಿಂದ ಇಳಿಯುತ್ತಾರೆ. ಹೊರಗೆ ಬಂದು ನೋಡಿದರೆ ಎರಿಭೂಮಿ, ಜೋಳದ ಹೊಲ, ಬೇವಿನ ಮರ. ಊರು ಇನ್ನೂ ಮೈಲಿಗಟ್ಟಲೆ ದೂರ. ಮೀಟರ್ ಗೇಜಿನ ಕಾಲದಲ್ಲಿ ಟ್ರಂಕು ಹೊತ್ತು ಈ ಎರಡೂ ಕಡೆ ಇಳಿದು ಅನುಭವವಾಗಿದ್ದ ಆಯಿ, ಭಾನುವಾರ ಚರ್ಚಿಗೆ ಹೋಗಿ ಬಂದಷ್ಟಕ್ಕೇ ಎಲ್ಲ ಮುಗಿಯಿತೆಂದುಕೊಂಡವರನ್ನು ಕಂಡರೆ ‘ಪಾಪ, ಸ್ವರ್ಗ ರೋಡಿನಾಗ ಇಳದಾರ’ ಎನ್ನುತ್ತಿದ್ದಳು.

ಹಾಗೆಂದು ಚರ್ಚು ತಪ್ಪಿಸಿದವಳೂ ಅಲ್ಲ. ಬಾಗೇವಾಡಿಯಿಂದ ಬಸ್ಸು ಹಿಡಿದು ಬಿಜಾಪುರಕ್ಕೆ ಹೋಗಿ ಬರುತ್ತಿದ್ದಳು. ಸುಗ್ಗಿ ಹಬ್ಬವೆಂದರಂತೂ ಹಿಂದಿನ ರಾತ್ರಿ ನಿದ್ದೆಯಿಲ್ಲ. ಆರಾಧನೆ ಮುಗಿದ ಮೇಲೆ ಜನ ತಂದ ಮೊದಲ ಫಲಗಳ ಲಿಲಾವು ನಡೆಯುತ್ತದೆ. ಪೇಟೆಯಲ್ಲಿ ಎರಡು ಸಲ ಚೌಕಾಸಿ ಮಾಡದೆ ಕೊತ್ತಂಬರಿ ಕೊಳ್ಳದ ಆಯಿ, ಅಲ್ಲಿ ಒಂದು ಕುಂಬಳಕಾಯಿಗೆ ಪಿಂಚಣಿಯ ಅರ್ಧವನ್ನು ಕೂಗಿಬಿಡುತ್ತಿದ್ದಳು. ಇಂಡಿಯ ಲಿಂಬೆ ಲಿಲಾವಿಗೆ ಬಂದರೆ ಉಳಿದವರು ಸುಮ್ಮನಿರುವುದೇ ಒಳ್ಳೆಯದು. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕದ್ದು 2023ರಲ್ಲಿ. ಆಯಿ ಅದನ್ನು ಎಷ್ಟೋ ದಶಕ ಮೊದಲೇ, ತನ್ನ ಸ್ವಂತ ಖರ್ಚಿನಲ್ಲಿ, ಕೊಟ್ಟಾಗಿತ್ತು.

ನಿಜವಾದ ಪೇಚು ಬಂದದ್ದು 2000ನೇ ಇಸವಿಯಲ್ಲಿ. ಆ ವರ್ಷ ಡಿಸೆಂಬರ್ 25, ಸೋಮವಾರ, ಎಳ್ಳು ಅಮಾವಾಸ್ಯೆ. ನಮ್ಮ ಸೀಮೆಯಲ್ಲಿ ಅಂದು ಊರಿನಲ್ಲಿ ಯಾರೂ ಇರುವುದಿಲ್ಲ. ಬಂಡಿ ಕಟ್ಟಿಕೊಂಡು, ಸಜ್ಜೆ ರೊಟ್ಟಿ, ಎಳ್ಳ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ ಹೊತ್ತು ಹೊಲಕ್ಕೆ ಹೋಗಿ, ಐದು ಕಲ್ಲು ನೆಟ್ಟು ಪಾಂಡವರೆಂದು ಪೂಜಿಸಿ, ಪೈರಿಗೆಲ್ಲ ಚರಗ ಚೆಲ್ಲಿ ಉಣ್ಣುವ ಹಬ್ಬ. ಪಕ್ಕದ ಮನೆಯ ಗೌಡರ ಬಂಡಿಯಲ್ಲಿ ವರ್ಷವೂ ಆಯಿಗೊಂದು ಜಾಗ ಖಾಯಂ. ಈ ಸಲ ಕ್ರಿಸ್ಮಸ್ಸೇ ಅಡ್ಡ ಬಂತು.

ನಮ್ಮ ಕಾಕಾ ಪ್ರಶ್ನೆ ಎತ್ತಿದ. ಆತ ಬೈಬಲ್ಲನ್ನು ವಕೀಲನ ಹಾಗೆ ಓದಿಕೊಂಡವನು. “ಅಲ್ಲವಾ, ಯೇಸುಸ್ವಾಮಿ ಹುಟ್ಟಿದ ದಿನ ಕಲ್ಲಿಗೆ ಹಿಡದ ಎಡಿ ಉಣ್ಣಾಕ ಹೊಕ್ಕೀಯೇನು?”

ಆಯಿ ಕರ್ಚಿಕಾಯಿಗೆ ಹೂರಣ ತುಂಬುತ್ತಿದ್ದಳು. “ತಮ್ಮಾ, ಆವತ್ತ ದೇವದೂತ ಮೊದಲ ಯಾರಿಗೆ ಸುದ್ದಿ ಹೇಳಿದ? ಗುಡಿ ಪೂಜಾರಿಗಲ್ಲ. ಹೊಲದಾಗ ಕುರಿ ಕಾಯೋರಿಗೆ. ಕ್ರಿಸ್ಮಸ್ ದಿನ ಹೊಲಕ್ಕ ಹೋಗಬ್ಯಾಡ ಅನ್ನೂದು ಯಾವ ಅಧ್ಯಾಯದಾಗ ಐತಿ, ತಗದ ತೋರ್ಸು.”

ಕಾಕಾ ಅಧ್ಯಾಯ ಹುಡುಕುತ್ತ ಕುಳಿತ. ಆಯಿ ನಸುಕಿನ ಬಸ್ಸಿಗೆ ಬಿಜಾಪುರಕ್ಕೆ ಹೋಗಿ, ಆರಾಧನೆ ಮುಗಿಸಿ, ಮಧ್ಯಾಹ್ನಕ್ಕೆ ತಿರುಗಿ ಬಂದು, ಕರ್ಚಿಕಾಯಿಯ ಡಬ್ಬಿ ಹಿಡಿದು ಬಂಡಿ ಏರಿದಳು. ನಾವೂ ಹತ್ತಿದೆವು.

ಪೂಜೆಯಾಗುವಾಗ ಆಯಿ ಕಲ್ಲುಗಳಿಗೆ ಬೆನ್ನು ತೋರಿಸಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಬಂಡಿಯ ನೆರಳಿನಲ್ಲಿ ಕುಳಿತು ಹಸಿಗಡಲೆ ಬಿಡಿಸುತ್ತಿದ್ದಳು. ಚರಗ ಚೆಲ್ಲಿ ಬಂದು ಎಲ್ಲರೂ ಪಂಕ್ತಿ ಹಿಡಿದರು. ಗೌಡರು ಸಂಭಾವಿತರು. “ನರ್ಸಬಾಯಾರ, ನಿಮ್ಮ ಹಬ್ಬಾನೂ ಐತೆಲ್ಲ ಇವತ್ತ. ನಿಮ್ಮದೂ ಒಂದೀಟ ಪ್ರಾರ್ಥನಿ ಆಗಿ ಬಿಡಲಿ, ಆಮ್ಯಾಲ ಉಣ್ಣೂಣು” ಎಂದರು. ತಾವೇನು ಕೇಳುತ್ತಿದ್ದೇವೆಂದು ಪಾಪ ಅವರಿಗೆ ತಿಳಿಯದು. ತಿಳಿದಿದ್ದ ನಮ್ಮವ್ವ ಒಂದು ಸಜ್ಜೆ ರೊಟ್ಟಿ ಮುರಿದು ಸದ್ದಿಲ್ಲದೆ ನನ್ನ ಉಡಿಗೆ ಹಾಕಿದಳು.

ಇಂಡಿ ಆಯಿತು. ಸಿಂದಗಿ ಆಯಿತು. ಮುದ್ದೇಬಿಹಾಳದಲ್ಲಿ ಆ ಸಲ ಡೋಣಿ ಹೊಳೆ ತುಂಬಿ ಬಂದು, ದಂಡೆಯಲ್ಲಿ ನಿಂತ ಬಂಡಿಯೊಳಗೇ ಹುಟ್ಟಿದ ಹೆಣ್ಣುಕೂಸಿಗಾಗಿ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು. ಎತ್ತುಗಳು ಮೆಲುಕು ಹಾಕುತ್ತಿದ್ದವು. ಪಂಕ್ತಿಯ ತುದಿಯ ಮುದುಕ ‘ಬಾಗೇವಾಡಿ ಇನ್ನೂ ಎಷ್ಟ ದೂರ?’ ಎಂದು ಪಿಸುಗುಟ್ಟಿದ. ಬಾಗೇವಾಡಿ ಬಂತು. ಬಂದದ್ದೇ ಗೌಡರ ಮನೆಯಿಂದ. “ಕರುಳಬಳ್ಳಿ ಕೊಳ್ಳಿಗೆ ಸುತಗೊಂಡ ಬಂದು, ಅಳವಲ್ಲಂದಾಗ ನಾ ಕುಂಡಿಗೆ ಎರಡ ಬಿಟ್ಟು ಅಳಿಸಿದ ಈ ಗೌಡನ್ನ ಕಾಯಪಾ” ಎಂದಳು ಆಯಿ, ಕಣ್ಣು ಮುಚ್ಚಿಕೊಂಡೇ. ಹೆಂಡತಿ, ಮಕ್ಕಳು, ಆಳುಗಳ ಎದುರಿಗೆ ಗೌಡರು ಮೀಸೆ ನೀವಿಕೊಂಡರು. ಮೊದಲು ನಕ್ಕದ್ದು ಅವರ ಹೆಂಡತಿ. ಗೌಡರೂ ನಕ್ಕು, ಎಲ್ಲರಿಗಿಂತ ಗಟ್ಟಿಯಾಗಿ ‘ಆಮೆನ್’ ಎಂದರು. ಹಸಿವಿನಿಂದಲೋ ಭಕ್ತಿಯಿಂದಲೋ ಎಂದು ವಿಚಾರಿಸುವ ಹೊತ್ತಾಗಿರಲಿಲ್ಲ ಅದು.

ಅದಾಗಿ ಕೆಲ ವರ್ಷಕ್ಕೆ ಆಯಿ ತೀರಿಕೊಂಡಳು. ಮಣ್ಣಿಗೆ ನಾಲ್ಕೂ ತಾಲೂಕಿನಿಂದ ಮಂದಿ ಬಂದಿದ್ದರು. ಬಂದವರು ತಮ್ಮ ಹೆಸರಿಗಿಂತ ಮೊದಲು ತಮ್ಮ ಹೆರಿಗೆಯ ವಿವರ ಹೇಳುತ್ತಿದ್ದರು. ಇಂಡಿಯಿಂದ ಬಂದ, ತಲೆ ಬೆಳ್ಳಗಾದ ಒಬ್ಬ ಮನುಷ್ಯ ಹೂವಿನ ಮಾಲೆ ತರಬೇಕೆಂದು ಹೊಳೆಯದೆ, ಒಂದು ಚೀಲ ಲಿಂಬೆಹಣ್ಣು ಹೊತ್ತು ತಂದಿದ್ದ. “ಕಾಲು ಮುಂದಾಗಿ ಬಂದಾಂವ ನಾನ ರೀ” ಎಂದ. ಮಾಲೆಗಳ ನಡುವೆ ಆ ಚೀಲವನ್ನು ಎಲ್ಲಿಡಬೇಕೆಂದು ಸಭಾಪಾಲಕರಿಗೆ ತಿಳಿಯಲಿಲ್ಲ. ಕಡೆಗೆ ಪೆಟ್ಟಿಗೆಯ ಪಕ್ಕದಲ್ಲೇ ಇಡಿಸಿದರು. ಎಲ್ಲ ಮುಗಿದ ಮೇಲೆ ಅವ್ವ ಅದನ್ನು ಮನೆಗೆ ಹೊರಿಸಿಕೊಂಡು ಬಂದು, ಕೈ ತೊಳೆದುಕೊಂಡು, ಉಪ್ಪಿನಕಾಯಿ ಹಾಕಲು ಕೂತಳು.