ಲೋಟಪತನ ಮೀಮಾಂಸೆ

ಮೈಮೇಲೆ ಹಲ್ಲಿ ಬಿದ್ದರೆ ಯಾವ ಅಂಗಕ್ಕೆ ಯಾವ ಫಲ ಎಂಬುದಕ್ಕೆ ನಮ್ಮಲ್ಲಿ ಶಾಸ್ತ್ರವಿದೆ. ಗೌಳಿಪತನ ಫಲ ಎಂದು ಪಂಚಾಂಗದಲ್ಲೇ ಪಟ್ಟಿ ಹಾಕಿ ಕೊಟ್ಟಿರುತ್ತಾರೆ. ಕೈಯಿಂದ ಲೋಟ ಬಿದ್ದರೆ ಏನು ಫಲ ಎಂಬುದಕ್ಕೆ ಮಾತ್ರ ಗ್ರಂಥವಿಲ್ಲ. ಇರುವುದೆಲ್ಲ ಮೌಖಿಕ ಪರಂಪರೆ. ಅಡುಗೆಮನೆ ಬಾಗಿಲು, ಶಾಲೆಯ ಮೈದಾನ, ಮದುವೆಮನೆಯ ಪಂಕ್ತಿ ಇವೇ ಅದರ ಗುರುಕುಲಗಳು. ಆ ಕೊರತೆ ತುಂಬಲೆಂದು ಈ ಪ್ರಬಂಧ. ಪ್ರಬಂಧಕಾರ ನಾಲ್ಕನೇ ವಯಸ್ಸಿನಿಂದ ಕ್ಷೇತ್ರಕಾರ್ಯದಲ್ಲಿದ್ದಾನೆ. ಸ್ಟೀಲು, ಗಾಜು, ಪಿಂಗಾಣಿ ಮೂರರಲ್ಲೂ ಅನುಭವಸ್ಥ. ಆದರೂ ಇಲ್ಲಿ ಅಧ್ಯಯನಕ್ಕೆ ಎತ್ತಿಕೊಂಡಿರುವುದು ಲೋಟ ಬೀಳಿಸುವವನನ್ನಲ್ಲ. ಸುತ್ತ ನಿಂತು ನೋಡುವವರನ್ನು.

ಪದವಿಚಾರ

ಕೈಗೆ ಬಂದದ್ದೆಲ್ಲ ಜಾರುತ್ತಲೇ ಇರುವ ಈ ಸ್ಥಿತಿಗೆ ಡಿಸ್‌ಪ್ರಾಕ್ಸಿಯಾ ಎಂದು ಹೆಸರು. ಗ್ರೀಕಿನಲ್ಲಿ ‘ಪ್ರಾಕ್ಸಿಸ್’ ಎಂದರೆ ಕ್ರಿಯೆ. ‘ಡಿಸ್’ ಎಂಬುದು ಸಂಸ್ಕೃತದ ‘ದುಸ್’ ಉಪಸರ್ಗದ ಖಾಸಾ ದಾಯಾದಿ. ಎರಡನ್ನೂ ಜೋಡಿಸಿ ಕನ್ನಡಕ್ಕೆ ಇಳಿಸಿದರೆ ‘ದುಷ್ಕೃತ್ಯ’ ಎಂದಾಗುತ್ತದೆ. ಗ್ರೀಕಿನ ಗಂಧಗಾಳಿ ಇಲ್ಲದ ನನ್ನ ಸೋದರತ್ತೆ, ನಾನು ಮೂರನೇ ಕ್ಲಾಸಿನಲ್ಲಿರುವಾಗಲೇ ಈ ಅನುವಾದ ಮಾಡಿ ಮುಗಿಸಿದ್ದರು.

ಪರದೇಶದ ಪಂಡಿತರ ದಾರಿ ಬಲು ಸುತ್ತಿನದು. ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್ 1937ರಲ್ಲೇ ಮಕ್ಕಳ ಈ ತೊಂದರೆಯತ್ತ ಬೆರಳು ತೋರಿಸಿದ್ದ. 1975ರಲ್ಲಿ ಆಸ್ಟ್ರೇಲಿಯಾದ ನರವೈದ್ಯ ಗಬ್ಬೆ ಬರೆದ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಮೊದ್ದು ಮಗು’. ನಮ್ಮ ಪಿ.ಟಿ. ಮೇಷ್ಟ್ರು ಬಳಸುತ್ತಿದ್ದ ಪರಿಭಾಷೆಯೂ ಬಹುಪಾಲು ಇದೇ. ಅವರು ‘ಮಗು’ ಎಂಬುದನ್ನು ಬಿಟ್ಟುಬಿಡುತ್ತಿದ್ದರು, ಅಷ್ಟೆ. 1994ರಲ್ಲಿ ಕೆನಡಾದಲ್ಲಿರುವ ಲಂಡನ್ ಎಂಬ ಊರಿನಲ್ಲಿ ತಜ್ಞರು ಸಭೆ ಸೇರಿ, ಚಲನೆಯ ಹೊಂದಾಣಿಕೆ ಬೆಳವಣಿಗೆಯಲ್ಲೇ ತೊಡಕಾಗುವುದು ಎಂಬರ್ಥದ ಉದ್ದ ಹೆಸರೊಂದನ್ನು ಒಪ್ಪಿಕೊಂಡರು. ಅಮೆರಿಕದ ಮನೋವೈದ್ಯರ 2013ರ ಕೈಪಿಡಿಯ ಪ್ರಕಾರ 5ರಿಂದ 11 ವರ್ಷದ ಮಕ್ಕಳಲ್ಲಿ ನೂರಕ್ಕೆ 5-6 ಮಂದಿಗೆ ಇದಿರುತ್ತದೆ. ಅಂದರೆ 40 ಹುಡುಗರ ಕ್ಲಾಸಿನಲ್ಲಿ ಇಬ್ಬರು. ನನ್ನ ಕ್ಲಾಸಿನ ಇನ್ನೊಬ್ಬ ಯಾರಿದ್ದಿರಬಹುದು ಎಂದು ಈಗ ಊಹಿಸಬಲ್ಲೆ: ಕಬಡ್ಡಿಗೆ ಆಳು ಆರಿಸುವಾಗ ಕೊನೆಯವರೆಗೂ ನನ್ನ ಪಕ್ಕದಲ್ಲಿ ನಿಂತಿರುತ್ತಿದ್ದವನು.

ವ್ಯಾಕರಣ

ವೈದ್ಯರನ್ನು ಅವರ ಪಾಡಿಗೆ ಬಿಟ್ಟು ವ್ಯಾಕರಣಕ್ಕೆ ಬರೋಣ. ರೋಗದ ಬೇರು ಇಲ್ಲಿದೆ.

‘ಬೀಳು’ ಅಕರ್ಮಕ ಧಾತು. ಅದಕ್ಕೆ ‘ಇಸು’ ಹಚ್ಚಿದರೆ ‘ಬೀಳಿಸು’. ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದು, ಧಾತುಗಳಿಗೆಂದೇ ಒಂದು ಪ್ರಕರಣ ಎತ್ತಿಟ್ಟ. ಆದರೆ ಈ ‘ಇಸು’ವನ್ನು ಮನೆಯಲ್ಲಿ ಯಾರಿಗೆ ಹಚ್ಚಬೇಕು, ಯಾರಿಗೆ ಹಚ್ಚಬಾರದು ಎಂದು ಅವನು ವಿಧಿಸಲಿಲ್ಲ. ಆ ಕೆಲಸ ನಮ್ಮ ವಂಶದ ಪಾಲಿಗೆ ಬಂತು. ದೊಡ್ಡಪ್ಪನ ಕೈಯಲ್ಲಿದ್ದ ಲೋಟ ‘ಬಿತ್ತು’. ಅಕ್ಕನ ಕೈಯದು ‘ಜಾರಿತು’. ನೆಂಟರ ಮಗುವಿನದು ‘ಪಾಪ, ಬಿದ್ದೋಯ್ತು’. ನನ್ನದು ‘ಬೀಳಿಸಿದ’. ಚೆಲ್ಲು, ಒಡೆ ಮುಂತಾದ ಧಾತುಗಳಿಗೆ ‘ಇಸು’ವಿನ ಖರ್ಚೂ ಇಲ್ಲ, ಲಿಂಗ ಬದಲಿಸಿದರೆ ಸಾಕು. ಬೇರೆಯವರಾದರೆ ಹಾಲು ‘ಚೆಲ್ಲಿತು’, ನಪುಂಸಕಲಿಂಗ. ನಾನಾದರೆ ಹಾಲು ‘ಚೆಲ್ಲಿದ’, ಪುಲ್ಲಿಂಗ. ಇಷ್ಟಾದ ಮೇಲೆ ಲೋಟಕ್ಕೂ ನೆಲಕ್ಕೂ ಗುರುತ್ವಾಕರ್ಷಣೆಗೂ ಏನೂ ಪಾತ್ರ ಉಳಿಯುವುದಿಲ್ಲ. ಕರ್ತೃ ಸಿಕ್ಕ. ಇನ್ನು ಅವನ ಸ್ವಭಾವವನ್ನು ಪರಿಶೀಲಿಸುವುದೊಂದೇ ಬಾಕಿ. ಕನ್ನಡವೂ ನೋಡುವವರ ಕಡೆಗೇ ಇದೆ: ಏನೂ ಸಾಧಿಸದವನಿಗೆ ಅದು ಇಟ್ಟಿರುವ ಹೆಸರೇ ‘ಕೈಲಾಗದವನು’.

ಪಂಥಭೇದ

ನೋಡುವವರಲ್ಲಿ ಹಲವು ಪಂಥಗಳಿವೆ. ಮೊದಲಿಗೆ ನೇತ್ರವಾದಿಗಳು. ‘ಕಣ್ಣು ಎಲ್ಲಿಟ್ಟಿದ್ದೆ?’ ಎಂಬುದು ಇವರ ಮೂಲಮಂತ್ರ. ಇವರ ಒತ್ತಾಯಕ್ಕೆ ನನ್ನ ಕಣ್ಣು ತೋರಿಸಲಾಯಿತು. 6/6 ಎಂದು ಬರೆದುಕೊಟ್ಟರು. ನಿಜಕ್ಕೂ ಕಣ್ಣು ಚುರುಕಾಗಿತ್ತು. ಲೋಟ ಬೀಳುವುದು ಎಲ್ಲರಿಗಿಂತ ಮೊದಲು ನನಗೇ ಕಾಣುತ್ತಿತ್ತು. ಕೊಬ್ಬುವಾದಿಗಳು ಚಿಕ್ಕ ಪಂಥ. ಬೇಕೂಂತಲೇ ಮಾಡ್ತಾನೆ ಎಂಬ ಒಂದೇ ವಾಕ್ಯದಲ್ಲಿ ಅವರ ದರ್ಶನ ಮುಗಿಯುತ್ತದೆ. ವಾಗ್ವಾದಿಗಳು ಸ್ವಲ್ಪ ಸೂಕ್ಷ್ಮದವರು. ‘ಇಷ್ಟು ಚೆನ್ನಾಗಿ ಮಾತಾಡ್ತಾನೆ, ಶೂ ಲೇಸ್ ಕಟ್ಟಕ್ಕೆ ಬರಲ್ವಂತೆ!’ ನಾಲಗೆ ಚುರುಕಿದ್ದವನ ಬೆರಳೂ ಚುರುಕಿರಲೇಬೇಕು, ಇಲ್ಲದಿದ್ದರೆ ಎರಡರಲ್ಲೊಂದು ನಾಟಕ ಎಂಬುದು ಅವರ ಅನುಮಾನಪ್ರಮಾಣ.

ಎಲ್ಲಕ್ಕಿಂತ ದೊಡ್ಡ ಪೀಠ ಗಮನವಾದಿಗಳದು. ‘ಗಮನ ಇಟ್ಟು ಮಾಡು’ ಎನ್ನುವ ಇವರ ಉಪದೇಶದಲ್ಲಿ ಒಂದು ತಪ್ಪಿದೆ: ಗಮನವನ್ನು ನಾನು ಆಗಲೇ ಪೂರ್ತಿ ಇಟ್ಟಾಗಿದೆ. ಸ್ನಾಯುವಿನಲ್ಲಿ ಬಲ ಕಡಿಮೆಯಿಲ್ಲ. ತೊಡಕಿರುವುದು ಚಲನೆಯನ್ನು ಯೋಜಿಸಿ, ಕ್ರಮಕ್ಕೆ ತಂದು, ಹೊತ್ತಿಗೆ ಸರಿಯಾಗಿ ಕೈಗೆ ತಲುಪಿಸುವುದರಲ್ಲಿ. ನಿಮ್ಮ ಕೈ ಲೋಟ ಹಿಡಿಯುವಾಗ ನಿಮ್ಮನ್ನು ಕೇಳುವುದಿಲ್ಲ. ನನ್ನಲ್ಲಿ ಪ್ರತಿಯೊಂದಕ್ಕೂ ಕಡತ ಹೋಗಬೇಕು. ಎಷ್ಟು ದೂರ, ಎಷ್ಟು ಭಾರ, ಎಷ್ಟು ಬಿಗಿ ಎಂದು ಮೇಜಿನಿಂದ ಮೇಜಿಗೆ ಟಿಪ್ಪಣಿಯಾಗಿ, ಮಂಜೂರಾತಿ ಬರುವ ಹೊತ್ತಿಗೆ ಲೋಟ ನೆಲದ ಮೇಲಿರುತ್ತದೆ. ‘ಅಭ್ಯಾಸ ಮಾಡು’ ಎನ್ನುವವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಪಂಚೆ ಉಡುವುದನ್ನೇ ಅಭ್ಯಾಸ ಮಾಡಿ, ಎಂಟು ತಿಂಗಳಲ್ಲಿ ಕಲಿತೆ. ಆದರೆ ಪಂಚೆಯ ಗಂಟು ಕಲಿತ ಬೆರಳು ಲೇಸಿನ ಗಂಟಿಗೆ ಬಂದಾಗ ಮತ್ತೆ ಓನಾಮದಿಂದ ಶುರು.

ಇತ್ತೀಚೆಗೆ ಸಹೃದಯವಾದಿಗಳು ಹುಟ್ಟಿಕೊಂಡಿದ್ದಾರೆ. ಹೆಸರು ಹೇಳಿದ ಕೂಡಲೇ ‘ಓ, ತಾರೆ ಜಮೀನ್ ಪರ್!’ ಎನ್ನುತ್ತಾರೆ. 2007ರ ಆ ಸಿನಿಮಾ ಡಿಸ್ಲೆಕ್ಸಿಯಾ ಕುರಿತದ್ದು ಎಂದರೆ, ‘ಎಲ್ಲಾ ಒಂದೇ ಬಿಡಿ’ ಎಂಬ ಅದ್ವೈತ. ಕಾಯಿದೆಯೂ ಹೆಚ್ಚುಕಡಿಮೆ ಅದ್ವೈತಿಯೇ. ಅಂಗವೈಕಲ್ಯವುಳ್ಳವರ ಹಕ್ಕುಗಳ ಕುರಿತ 2016ರ ಕೇಂದ್ರ ಕಾಯಿದೆ 21 ಬಗೆಗಳನ್ನು ಪಟ್ಟಿ ಮಾಡಿ, ಓದು-ಬರಹ-ಲೆಕ್ಕದ ಕಲಿಕಾ ನ್ಯೂನತೆಗಳ ಮಡಿಲಿಗೆ ಡಿಸ್‌ಪ್ರಾಕ್ಸಿಯಾವನ್ನೂ ಹಾಕಿದೆ. ಹೀಗಾಗಿ ನನ್ನ ಕೈಯಿಂದ ಜಾರುವ ಲೋಟ, ಕಾಗದದ ಮೇಲೆ, ಭಾಷೆಯ ತೊಂದರೆ. ಮೇಲಿನ ವ್ಯಾಕರಣ ಪ್ರಕರಣವನ್ನು ಕಾಯಿದೆ ಬರೆದವರು ಮೊದಲೇ ಊಹಿಸಿದ್ದರೋ ಏನೋ.

ಅತ್ತೆಗೆ ಮನವರಿಕೆ ಮಾಡಲು ಒಮ್ಮೆ ನಾನು ಕೊನೆಯ ಅಸ್ತ್ರ ಬಿಟ್ಟೆ. ಹ್ಯಾರಿ ಪಾಟರ್ ಪಾತ್ರ ಮಾಡಿದ ಡೇನಿಯಲ್ ರ್‍ಯಾಡ್‌ಕ್ಲಿಫ್‌ಗೂ ಇದಿದೆ, ಶೂ ಲೇಸ್ ಕಟ್ಟುವುದು ಕಷ್ಟ ಎಂದು 2008ರಲ್ಲಿ ಅವನೇ ಹೇಳಿಕೊಂಡಿದ್ದಾನೆ ಎಂದೆ. ಅತ್ತೆ ಯೋಚಿಸಿ ಕೇಳಿದರು: ‘ಅವನು ಮಂತ್ರದಂಡ ಹಿಡ್ಕೊಂಡು ಅಷ್ಟೆಲ್ಲಾ ಮಾಡ್ಲಿಲ್ವೇನೋ? ನಿನಗೆ ಸೌಟು ಹಿಡಿಯಕ್ಕೆ ಏನೋ ಧಾಡಿ?’

ಪ್ರಯೋಗ

ಸೌಟಿನ ಪ್ರಸ್ತಾಪ ಬಂದದ್ದಕ್ಕೆ ಹಿನ್ನೆಲೆಯಿದೆ. ಅತ್ತೆಯ ಮಗನ ಗೃಹಪ್ರವೇಶದಲ್ಲಿ ಬಡಿಸುವವರು ಸಾಲದೆ ನನ್ನನ್ನೂ ಇಳಿಸಿದರು. ಮೊದಲು ಉಪ್ಪು. ಎಲೆಯ ಎಡತುದಿಗೆ ಹಾಕಬೇಕು. ಆದರೆ ಎಡ ಎಂಬುದು ಉಣ್ಣುವವನ ಎಡವೋ, ಎದುರಿಗೆ ನಿಂತ ನನ್ನ ಎಡವೋ? ಪ್ರತಿ ಎಲೆಗೂ ಮನಸ್ಸಿನಲ್ಲೇ ತಿರುಗಿ ಕೂತು, ಎದ್ದು, ಹಾಕಿದೆ. ‘ಎಷ್ಟು ಹೊತ್ತೋ’ ಎಂದು ಅಡುಗೆ ಭಟ್ಟರು ಉಪ್ಪಿನ ಬಟ್ಟಲು ಕಿತ್ತುಕೊಂಡು ಸಾರಿನ ಬಕೆಟ್ ಕೊಟ್ಟರು. ಬಡ್ತಿ ಎಂದು ತಿಳಿದೆ.

ಸಾರು ಬಡಿಸುವುದನ್ನು ಒಂದು ಕೆಲಸ ಎಂದು ನೀವು ತಿಳಿದಿದ್ದೀರಿ. ಅದು ಏಳೆಂಟು ಕೆಲಸ. ಎಡಗೈಯ ಬಕೆಟ್ ಸೌಟಿಗೊಂದಿಷ್ಟು ಹಗುರಾಗುತ್ತ ಹೋಗುತ್ತದೆ, ಆದ್ದರಿಂದ ತೋಳಿನ ಲೆಕ್ಕ ಸೌಟಿಗೊಮ್ಮೆ ತಪ್ಪುತ್ತದೆ. ಸೊಂಟ ಬಗ್ಗಿಸಿಕೊಂಡೇ ಪಕ್ಕಕ್ಕೆ ಹೆಜ್ಜೆಯಿಡಬೇಕು. ಪಂಚೆ ಕಾಲಿಗೆ ಸಿಗಬಾರದು, ನೀರಿನ ಲೋಟ ಪಂಚೆಗೆ ಸಿಗಬಾರದು. ಅನ್ನದ ಗುಂಡಿಗೆ ಗುರಿಯಿಡಬೇಕು. ಆಗಲೇ ಮೂರನೆಯವರು ‘ಸಾರು ಇಲ್ಲಿ!’ ಎನ್ನುತ್ತಾರೆ, ಎದುರಿಗಿರುವವರು ಎಲೆಗೆ ಅಡ್ಡ ಕೈ ಹಿಡಿದು ‘ಸಾಕು’ ಎನ್ನುತ್ತಾರೆ. 16 ಎಲೆಗಳನ್ನು ದಾಟಿದೆ. ಹನಿ ಆಚೀಚೆ ಆಗಲಿಲ್ಲ. ಬೆನ್ನು ಬೆವೆತು ಅಂಗಿ ಅಂಟಿತ್ತು. 17ನೇ ಎಲೆಯ ಮುಂದೆ, ಬಾಗಿಲಲ್ಲಿ ನಿಂತಿದ್ದ ಅತ್ತೆ ‘ಹುಷಾರು ಕಣೋ, ಹುಷಾರು!’ ಎಂದರು. ಸೌಟು ಮಾವನವರ ರೇಷ್ಮೆ ಮಗುಟದ ಮೇಲೆ ಮಗುಚಿತು.

‘ಕೈಯಲ್ಲಿ ತೂತಿದೆಯೇನೋ?’ ಎಂದರು ಅತ್ತೆ. 16 ಎಲೆಗಳ ವಿಷಯ ಇತಿಹಾಸದಲ್ಲಿ ದಾಖಲಾಗಲಿಲ್ಲ. ಸರಿಯಾಗಿ ಬಿದ್ದ ಸಾರನ್ನು ಯಾರೂ ನೋಡುವುದಿಲ್ಲ, ಉಣ್ಣುತ್ತಾರೆ.

ಈ ಪ್ರಯೋಗದಿಂದ ಹೊರಟ ಸೂತ್ರವನ್ನು ವಿದ್ವಾಂಸರ ಮುಂದಿಡುತ್ತೇನೆ: ನೋಟ ಹೆಚ್ಚಿದಷ್ಟೂ ಲೋಟ ಬೀಳುತ್ತದೆ. ಭಾಷ್ಯ: ನೋಡುವವರು ಇದ್ದಾರೆ ಎಂಬುದೂ ಒಂದು ಕಡತ. ಅದಕ್ಕೂ ಮಂಜೂರಾತಿ ಬೇಕು. ಆದಕಾರಣ ಪತನಕ್ಕೆ ಕೈಯೊಂದೇ ಕಾರಣವಲ್ಲ, ಪ್ರೇಕ್ಷಕನೂ ನಿಮಿತ್ತಕಾರಣ.

ಆಕ್ಷೇಪ ಮತ್ತು ಪರಿಹಾರ

ಈ ಸೂತ್ರವನ್ನು ಬಂಧುವರ್ಗದಲ್ಲಿ ಯಾರೂ ಮಾನ್ಯ ಮಾಡಲಿಲ್ಲ. ‘ತಪ್ಪು ಮಾಡಿ ನೋಡೋರ ಮೇಲೆ ಹಾಕ್ತಾನೆ’ ಎಂದು ಖಂಡಿಸಿದರು. ಹೋದ ಯುಗಾದಿಯವರೆಗೂ ಪರಿಸ್ಥಿತಿ ಹೀಗೇ ಇತ್ತು.

ಆ ದಿನ ಅತ್ತೆ ಒಲೆಯಿಂದ ಪಾಯಸದ ಪಾತ್ರೆ ಇಳಿಸುತ್ತಿದ್ದರು. ನಾನು ಹೊಸ್ತಿಲಿನಾಚೆ, ಕೈಕಟ್ಟಿ ನಿಂತಿದ್ದೆ. ಮುನ್ನೆಚ್ಚರಿಕೆಯಾಗಿ ನನ್ನ ಕೈಗೆ ಯಾರೂ ಏನೂ ಕೊಟ್ಟಿರಲಿಲ್ಲ. ಮಸಿಬಟ್ಟೆ ಸರಿಯಿತು, ಪಾತ್ರೆ ಓರೆಯಾಯಿತು, ಶಾವಿಗೆ ಪಾಯಸ ನೆಲದುದ್ದಕ್ಕೂ ಹರಿದು ನನ್ನ ಕಾಲ್ಬೆರಳಿನ ಹತ್ತಿರ ಬಂದು ನಿಂತಿತು. ‘ಅಯ್ಯೋ, ಜಾರ್‍ತು’ ಎಂದರು ದೊಡ್ಡಮ್ಮ. ‘ಬಟ್ಟೆ ಒದ್ದೆಯಿತ್ತೇನೋ’ ಎಂದಳು ಅಕ್ಕ. ಎಲ್ಲ ಕ್ರಿಯಾಪದಗಳೂ ನಪುಂಸಕಲಿಂಗದಲ್ಲೇ ಇದ್ದವು. ನಾನು ತುಟಿ ಬಿಚ್ಚಲಿಲ್ಲ.

ಅತ್ತೆ ನೆಲ ನೋಡಿದರು, ಪಾತ್ರೆ ನೋಡಿದರು, ನನ್ನನ್ನು ನೋಡಿದರು.

‘ಹಾಗೆ ಕಣ್ಣು ಬಿಟ್ಕೊಂಡು ನೋಡ್ತಾ ನಿಂತ್ಕೊಂಡ್ರೆ ಇನ್ನೇನೋ ಆಗುತ್ತೆ? ಬೀಳಿಸಿಬಿಟ್ಯಲ್ಲೋ!’